ಸಿಂಹಳದಲ್ಲಿ ‘ಕಾಲಾ’ ಬೇರೆ, ‘ಕಕಾ’ ಬೇರೆ

ಪ್ರಶ್ನೆ: ಕೆಲಸದ ಮೇಲೆ ಕೊಲಂಬೊಗೆ ಬಂದಿದ್ದೇನೆ, ಸಿಂಹಳ ಕಲಿಯುತ್ತಿದ್ದೇನೆ. ಇಲ್ಲಿನವರೂ ನಮ್ಮ ಹಾಗೇ ಪದಗಳನ್ನು ಎರಡೆರಡು ಸಲ ಹೇಳುತ್ತಾರೆ: ಪೊಡಿ ಪೊಡಿ, ಹೆಮಿನ್ ಹೆಮಿನ್, ಎಕ ಎಕ. ಇದು ತಮಿಳಿನಿಂದ ಬಂದಿದ್ದಾ? ಕನ್ನಡದಲ್ಲಿ ಹೇಳುವ ಹಾಗೇ ಹೇಳಿಬಿಟ್ಟರೆ ನಡೆಯುತ್ತಾ?

ಉತ್ತರ: ಅರ್ಧ ನಡೆಯುತ್ತದೆ. ಪೊಡಿ ಪೊಡಿ ಅಂದರೆ ಚಿಕ್ಕ ಚಿಕ್ಕ, ಹೆಮಿನ್ ಹೆಮಿನ್ ಅಂದರೆ ಮೆಲ್ಲ ಮೆಲ್ಲಗೆ. ಇಲ್ಲಿ ಕಲಿಯುವಂಥದ್ದೇನೂ ಇಲ್ಲ, ಧೈರ್ಯವಾಗಿ ಹೇಳಿ.

ತಮಿಳಿನ ಜೊತೆ ಸಿಂಹಳದ ಒಡನಾಟ ಬಹಳ ಹಳೆಯದು, ಈ ರೂಢಿಗೆ ಅದೂ ನೀರೆರೆದಿರಬಹುದು. ಆದರೆ ಪದವನ್ನು ಎರಡು ಸಲ ಹೇಳುವುದಕ್ಕೆ ಸಿಂಹಳ ಯಾರ ಮನೆಗೂ ಸಾಲಕ್ಕೆ ಹೋಗಬೇಕಿರಲಿಲ್ಲ. ಅದು ಸಂಸ್ಕೃತ, ಪಾಳಿ, ಹಿಂದಿಗಳ ಕುಟುಂಬದ ಭಾಷೆ, ಋಗ್ವೇದದ ಮೊದಲ ಸೂಕ್ತದಲ್ಲೇ ‘ದಿವೇ ದಿವೇ’ (ದಿನ ದಿನವೂ) ಇದೆ.

ನೀವು ಎಡವುವುದು ಕ್ರಿಯಾಪದದಲ್ಲಿ. ಕನವಾ ಅಂದರೆ ತಿನ್ನುವುದು. ‘ಕಾಲಾ ಕತಾ ಕರನವಾ’ ಅಂದರೆ ತಿಂದು ಮುಗಿಸಿ ಮಾತಾಡುವುದು. ‘ಕಕಾ ಕತಾ ಕರನವಾ’ ಅಂದರೆ ತಿನ್ನುತ್ತಾ ಮಾತಾಡುವುದು, ಅಂದರೆ ಬಾಯಲ್ಲಿ ಅನ್ನ ಇನ್ನೂ ಇದೆ! ನಮಗೆ ‘ತಿನ್ನುತ್ತಾ’ ಅಂತ ಒಂದೇ ಸಲ ಹೇಳಿದರೆ ಸಾಕು, ‘ತಿನ್ನುತ್ತಾ ತಿನ್ನುತ್ತಾ’ ಅನ್ನುವುದು ನಮ್ಮ ಇಷ್ಟ. ಆಡುಮಾತಿನ ಸಿಂಹಳದಲ್ಲಿ ನಮ್ಮ ‘-ತ್ತಾ’ ಮಾಡುವ ಕೆಲಸವನ್ನು ಈ ಎರಡು ಸಲ ಹೇಳುವುದೇ ಮಾಡುತ್ತದೆ. ನಟ ನಟಾ ಅಂದರೆ ಕುಣಿಯುತ್ತಾ, ಬಲ ಬಲಾ ಅಂದರೆ ನೋಡುತ್ತಾ, ಕಿಯ ಕಿಯಾ ಅಂದರೆ ಹೇಳುತ್ತಾ. ಕಿವಿಗೊಟ್ಟು ಕೇಳಿ, ಮೊದಲನೆಯದರ ಕೊನೆ ಗಿಡ್ಡ, ಎರಡನೆಯದರ ಕೊನೆ ಉದ್ದ. ‘ಕಕಾ ಬಿಬೀ’ ಅಂದರೆ ತಿನ್ನುತ್ತಾ ಕುಡಿಯುತ್ತಾ, ಇದನ್ನು ಅಲ್ಲಿ ದಿನಾ ಕೇಳುತ್ತೀರಿ. ಬರಹದ ಸಿಂಹಳಕ್ಕೆ ಬಂದರೆ ಇದೇ ಅರ್ಥಕ್ಕೆ ಕಮಿನ್, ನಟಮಿನ್ ಅಂತ ಬೇರೆ ರೂಪ ಇದೆ, ಪುಸ್ತಕದಲ್ಲಿ ಓದಿದ್ದನ್ನು ಹಾಗೇ ಅಂಗಡಿಯಲ್ಲಿ ಬಳಸಿದರೆ ಭಾಷಣ ಮಾಡಿದ ಹಾಗಿರುತ್ತದೆ.

ಇನ್ನೊಂದು ಸೊಗಸು: ‘ಕಿಯನ ಕಿಯನ ದೇ’, ಅಂದರೆ ಹೇಳಿದ್ದೆಲ್ಲ, ಹೇಳಿದ್ದು ಹೇಳಿದ್ದು. ಹೇಳಿದ್ದನ್ನೆಲ್ಲ ಮಾಡುವವರ ಬಗ್ಗೆ ಇದನ್ನು ಬಳಸುತ್ತಾರೆ. ನಮ್ಮ ‘ಕಂಡ ಕಂಡಲ್ಲಿ’ ಇದ್ದ ಹಾಗೇ ಅಲ್ವಾ?

‘ಎಕ ಎಕ’ ವಿಷಯದಲ್ಲಿ ಮಾತ್ರ ಹುಷಾರು. ಎಕ ಅಂದರೆ ಒಂದು, ಹಾಗಾಗಿ ಎಕ ಎಕ ಅಂದರೆ ಒಂದೊಂದಾಗಿ ಅಂತ ಸುಮ್ನೆ ಊಹಿಸಿಬಿಡುತ್ತೇವೆ. ಅದರ ಅರ್ಥ ಬೇರೆ ಬೇರೆ, ತರಹೇವಾರಿ. ‘ಎಕ ಎಕ್ಕೆನಾ ಎಕ ಎಕ ದೇ ಕಿಯನವಾ’ ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದಾದ ಮೇಲೊಂದು ಅನ್ನುವುದಕ್ಕೆ ‘ಎಕಿನ್ ಎಕ’ ಬೇಕು. ದವಸಿನ್ ದವಸ (ದಿನದಿಂದ ದಿನಕ್ಕೆ), ವರಿನ್ ವರ (ಆಗಾಗ) ಇವೂ ಅದೇ ಅಚ್ಚಿನವು.

ಜೋಡುನುಡಿಗಳಿಗಂತೂ ಬರವಿಲ್ಲ. ರೆದಿ ಪಿಳಿ ನಮ್ಮ ಬಟ್ಟೆಬರೆ, ಪೊತ್ ಪತ್ ಪುಸ್ತಕಗಿಸ್ತಕ, ಕಡ ಸಾಪ್ಪು ಅಂಗಡಿಮುಂಗಟ್ಟು. ಸದ್ದಿನ ಪದಗಳೂ ಪರಿಚಿತವೇ: ಕುಟು ಕುಟು ಗಾನವಾ ಅಂದರೆ ಗುಸುಗುಸು ಅನ್ನುವುದು, ದಡ ಬಡ ಗಾಲಾ ಅಂದರೆ ದಡಬಡ ಅಂತ. ‘ಟಕ್ ಅಂತ ಬನ್ನಿ’ ಅನ್ನುವುದಕ್ಕೆ ‘ಟಕ್ ಗಾಲಾ ಎನ್ನ’. ನಾವು ‘ಅಂತ’ ಅನ್ನುವ ಕಡೆ ಅವರು ಗಾನವಾ ಹಾಕುತ್ತಾರೆ. ಕಾಯಿ ತುರಿಯುವುದಕ್ಕೂ ಅಲ್ಲಿ ‘ಪೊಲ್ ಗಾನವಾ’ ಅಂತಲೇ ಹೇಳುತ್ತಾರೆ, ಹಾಗಾಗಿ ಅಡುಗೆಮನೆಯಲ್ಲಿ ಆ ಪದ ಕೇಳಿ ಗಲಿಬಿಲಿಯಾಗಬೇಡಿ.

‘ಒಳ್ಳೆಯದರಲ್ಲಿ ಒಳ್ಳೆಯದು’ ಅನ್ನಬೇಕಾದರೆ ಹೊಂದ ಹೊಂದ ಅನ್ನಬೇಡಿ. ನಡುವೆ ಒಂದು ‘ಮ’ ಸೇರಿಸಿ: ಹೊಂದಮ ಹೊಂದ.