ಕೆಲಸ ಬಿಟ್ಟವರು ಕಂಪನಿಯ ಡೇಟಾ ಒಯ್ದು ಬಳಸುತ್ತಿದ್ದರೆ ಪೊಲೀಸರಿಗೆ ದೂರು ಕೊಡಬೇಕೆ, ಕೋರ್ಟಿಗೆ ಹೋಗಬೇಕೆ?

ನೀವು ಬರೆದಿರುವ ಪ್ರಕಾರ, ಪೀಣ್ಯದಲ್ಲಿರುವ ನಿಮ್ಮ ಸಂಸ್ಥೆಯ ಮಾರಾಟ ವ್ಯವಸ್ಥಾಪಕರು ರಾಜೀನಾಮೆ ಕೊಡುವ ಮುನ್ನ ಗ್ರಾಹಕರ ಪಟ್ಟಿ, ಒಬ್ಬೊಬ್ಬರಿಗೂ ಕೊಟ್ಟ ದರಗಳು ಮತ್ತು ಬೆಲೆ ಲೆಕ್ಕ ಹಾಕುವ ಸಾಫ್ಟ್‌ವೇರಿನ ಸೋರ್ಸ್ ಕೋಡನ್ನು ತಮ್ಮ ಸ್ವಂತ ಇಮೇಲ್‌ಗೆ ಕಳುಹಿಸಿಕೊಂಡಿದ್ದಾರೆ. ಈಗ ಪ್ರತಿಸ್ಪರ್ಧಿ ಸಂಸ್ಥೆ ಸೇರಿ ಅದೇ ಗ್ರಾಹಕರಿಗೆ ಕಡಿಮೆ ದರದ ಕೊಟೇಶನ್ ಕೊಡುತ್ತಿದ್ದಾರೆ. ಬೆಂಗಳೂರಿನ ಸಿವಿಲ್ ನ್ಯಾಯಾಲಯಗಳಲ್ಲಿ ವಕೀಲಿ ಮಾಡುವ ನನ್ನ ಅಭಿಪ್ರಾಯದಲ್ಲಿ ಮೊದಲು ಸಾಕ್ಷ್ಯವನ್ನು ಭದ್ರಪಡಿಸಬೇಕು, ನಂತರ ಸಿವಿಲ್ ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ಪಡೆಯಬೇಕು. ಪೊಲೀಸ್ ದೂರನ್ನು ಜೊತೆಯಲ್ಲೇ ಕೊಡಬಹುದು, ಆದರೆ ಅದೊಂದನ್ನೇ ನಂಬಿ ಕೂರಬಾರದು.

ಅವರು ಬಳಸುತ್ತಿದ್ದ ಲ್ಯಾಪ್‌ಟಾಪನ್ನು ಇವತ್ತೇ ಬೀರುವಿನಲ್ಲಿಟ್ಟು ಬೀಗ ಹಾಕಿ. ನೌಕರ ಹೋದ ಮರುದಿನವೇ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಹೊಸಬರ ಕೈಗೆ ಕೊಡುವ ರೂಢಿ ನಮ್ಮೂರಿನ ಕಂಪನಿಗಳಲ್ಲಿದೆ; ಗೆಲ್ಲಬಹುದಾದ ಪ್ರಕರಣ ಅಲ್ಲಿಯೇ ಸತ್ತುಹೋಗುತ್ತದೆ. ಹಾರ್ಡ್ ಡಿಸ್ಕಿನ ಪ್ರತಿಯನ್ನು ಡಿಜಿಟಲ್ ಫೊರೆನ್ಸಿಕ್ ತಜ್ಞರಿಂದ ಮಾಡಿಸಿ, ಅದರ ಹ್ಯಾಶ್ ಮೌಲ್ಯವನ್ನು (ಪ್ರತಿಯಲ್ಲಿ ಒಂದಕ್ಷರ ಬದಲಾದರೂ ಬೇರೆಯಾಗುವ, ಬೆರಳಚ್ಚಿನಂಥ ಸಂಕೇತ) ಬರೆಸಿಡಿ. ಮೇಲ್ ಸರ್ವರಿನ ಲಾಗ್‌ಗಳು ತಾವಾಗಿಯೇ ಅಳಿಸಿಹೋಗುವ ಮುನ್ನ ಅವುಗಳನ್ನೂ ತೆಗೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಕಾರ ಇಂಥ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಯಂತ್ರದ ಉಸ್ತುವಾರಿ ಹೊತ್ತವರು, ಇನ್ನೊಂದು ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಬರಿಯ ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟುಗಳ ಕಂತೆ ಹಿಡಿದು ಬರುವ ಮಾಲೀಕರಿಗೆ ನಾನು ಮೊದಲು ಹೇಳುವುದೇ ಇದನ್ನು.

ನೇಮಕಾತಿ ಪತ್ರದಲ್ಲಿ ಎರಡು ವರ್ಷ ಪ್ರತಿಸ್ಪರ್ಧಿಯ ಬಳಿ ಸೇರಬಾರದೆಂಬ ಷರತ್ತಿದೆ ಎಂದು ನೀವು ಒತ್ತಿ ಹೇಳಿದ್ದೀರಿ. ಅದನ್ನು ನೆಚ್ಚಿಕೊಳ್ಳಬೇಡಿ. ಭಾರತೀಯ ಕರಾರು ಕಾಯ್ದೆ, 1872ರ ಕಲಂ 27ರ ಅಡಿ, ಉದ್ಯೋಗ ಮುಗಿದ ಮೇಲೆ ಒಬ್ಬರ ದುಡಿಮೆಯನ್ನು ತಡೆಯುವ ಷರತ್ತು ಅಸಿಂಧು. ಸುಪ್ರೀಂ ಕೋರ್ಟ್ 1980ರಲ್ಲಿಯೇ, ಸೂಪರಿಂಟೆಂಡೆನ್ಸ್ ಕಂಪನಿಯ ಪ್ರಕರಣದಲ್ಲಿ, ತನ್ನ ಮಾಜಿ ನೌಕರನ ವಿರುದ್ಧ ಕಂಪನಿ ಕೇಳಿದ ತಡೆಯಾಜ್ಞೆಯನ್ನು ಕೊಡಲಿಲ್ಲ. ಆದ್ದರಿಂದ ದಾವೆಯಲ್ಲಿ ಆ ಕೆಲಸ ಬಿಡಿಸಿ ಎಂದು ಕೇಳದೆ, ಇಂತಿಂಥ ಕಡತಗಳನ್ನು ಬಳಸಬಾರದು, ಹಂಚಬಾರದು, ಹಿಂದಿರುಗಿಸಬೇಕು ಎಂದು ಹೆಸರು ಹೆಸರಾಗಿ ಕೇಳಬೇಕು. ವರ್ಷಗಳ ಒಡನಾಟದಿಂದ ಅವರ ತಲೆಯಲ್ಲಿ ಉಳಿದಿರುವ ಗ್ರಾಹಕರ ಪರಿಚಯ ಅವರದೇ. ಕೇವಲ ಹೆಸರು, ವಿಳಾಸಗಳ ಪಟ್ಟಿಯನ್ನು ವ್ಯಾಪಾರ ರಹಸ್ಯವೆಂದು ಒಪ್ಪಲು ದೆಹಲಿ ಹೈಕೋರ್ಟ್ 2006ರಲ್ಲಿ ಒಂದು ಬ್ಯಾಂಕಿನ ದಾವೆಯಲ್ಲಿ ನಿರಾಕರಿಸಿದ್ದೂ ಉಂಟು. ನಿಮ್ಮ ಬಲವಿರುವುದು ದರಪಟ್ಟಿಯಲ್ಲಿ ಮತ್ತು ಸೋರ್ಸ್ ಕೋಡಿನಲ್ಲಿ.

ವ್ಯಾಪಾರ ರಹಸ್ಯಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಅಂಥದೊಂದು ಬೇಕೆಂದು ಕಾನೂನು ಆಯೋಗ 2024ರ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಹಾಗಾಗಿ ಗೌಪ್ಯತೆಯ ಕರಾರಿನ ಉಲ್ಲಂಘನೆ ಮತ್ತು ಕೃತಿಸ್ವಾಮ್ಯ, ಈ ಎರಡನ್ನೂ ದಾವೆಯಲ್ಲಿ ಸೇರಿಸುವುದು ವಾಡಿಕೆ. ಕೃತಿಸ್ವಾಮ್ಯ ಕಾಯ್ದೆ, 1957ರಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಡೇಟಾಬೇಸ್ ಎರಡೂ ಸಾಹಿತ್ಯ ಕೃತಿಗಳೇ, ಮತ್ತು ಬೇರೆ ಒಪ್ಪಂದವಿಲ್ಲದಿದ್ದರೆ ನೌಕರ ಕೆಲಸದ ಭಾಗವಾಗಿ ಬರೆದದ್ದರ ಒಡೆತನ ಸಂಸ್ಥೆಯದು. 1995ರ ಬರ್ಲಿಂಗ್ಟನ್ ಹೋಮ್ ಶಾಪಿಂಗ್ ಪ್ರಕರಣದಲ್ಲಿ ಶ್ರಮಪಟ್ಟು ಕೂಡಿಸಿದ ಗ್ರಾಹಕರ ಪಟ್ಟಿಗೂ ಈ ರಕ್ಷಣೆ ಸಿಕ್ಕಿತ್ತು, ಆದರೆ ನಂತರದ ತೀರ್ಪುಗಳು ಕೇವಲ ಶ್ರಮ ಸಾಲದು, ಸ್ವಲ್ಪವಾದರೂ ಸ್ವಂತಿಕೆ ಬೇಕು ಎನ್ನುತ್ತವೆ. ನಮ್ಮ ಹೈಕೋರ್ಟಿನಲ್ಲಿ ಇಂಥ ದಾವೆಯನ್ನು ನೇರವಾಗಿ ಹೂಡಲಾಗದು. ಅದು ಸಿಟಿ ಸಿವಿಲ್ ಕೋರ್ಟಿನಲ್ಲಿ ಆರಂಭವಾಗಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರ ಅಡಿ ಅರ್ಜಿ ಹಾಕಿ, ನೋಟಿಸ್ ತಲುಪುವಷ್ಟರಲ್ಲಿ ಕಡತಗಳು ಅಳಿಸಿಹೋಗಬಹುದೆಂದು ಮನವರಿಕೆ ಮಾಡಿಕೊಟ್ಟರೆ ಎದುರು ಪಕ್ಷದ ವಾದ ಕೇಳುವ ಮುನ್ನವೇ ಕೊಡುವ ಏಕಪಕ್ಷೀಯ ತಡೆಯಾಜ್ಞೆ ಸಿಗಬಹುದು. ಪ್ರತಿವಾದಿಯ ಯಂತ್ರಗಳ ಪ್ರತಿ ತೆಗೆಯಲು ಕೋರ್ಟ್ ಕಮಿಷನರ್ ನೇಮಕವನ್ನೂ ಕೋರಬಹುದು. ಹೊಸ ಸಂಸ್ಥೆಯನ್ನೂ ಪ್ರತಿವಾದಿ ಮಾಡಿ. ಆಜ್ಞೆ ಮೀರಿದವರ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಬಂಧನವೂ ಆಗಬಹುದು.

ಇನ್ನು ಪೊಲೀಸ್ ದೂರಿನ ವಿಷಯ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43ರಲ್ಲಿ ಅನುಮತಿಯಿಲ್ಲದೆ ಡೇಟಾ ನಕಲಿಸುವುದು ಮತ್ತು ಸೋರ್ಸ್ ಕೋಡ್ ಕದಿಯುವುದು ಬರುತ್ತವೆ. ಅದನ್ನೇ ವಂಚನೆಯ ಉದ್ದೇಶದಿಂದ ಮಾಡಿದರೆ ಕಲಂ 66ರ ಅಡಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಜಾಮೀನು ಸಿಗುವ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ ಕಲಂ 316ರಲ್ಲಿ ನೌಕರನ ನಂಬಿಕೆದ್ರೋಹಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ, ಆದರೆ ಒಂದೇ ಕೃತ್ಯಕ್ಕೆ ಎರಡೂ ಕಾನೂನು ಹೂಡಬಹುದೇ ಎಂಬುದರಲ್ಲಿ ಬಾಂಬೆ ಹೈಕೋರ್ಟಿನ ಪೀಠಗಳೇ ಬೇರೆ ಬೇರೆ ನಿಲುವು ತಳೆದಿವೆ. ನಿಮ್ಮ ವಿಭಾಗದ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಯಂತ್ರ ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ, ಆದರೆ ನಾಳೆಯ ಕೊಟೇಶನ್ ತಡೆಯುವ ಅಧಿಕಾರವಿಲ್ಲ. ರಾಜಿಗೆ ಬಾರದಿದ್ದರೆ ಎಫ್‌ಐಆರ್ ಮಾಡಿಸುತ್ತೇವೆ ಎಂದು ಮಾತ್ರ ಎಲ್ಲಿಯೂ ಬರೆಯಬೇಡಿ. ಆ ಪತ್ರವನ್ನೇ ಅವರು ಎಫ್‌ಐಆರ್ ರದ್ದತಿಯ ಅರ್ಜಿಗೆ ಲಗತ್ತಿಸುತ್ತಾರೆ.

ನಷ್ಟ ಪರಿಹಾರಕ್ಕೆ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯವರ ಮುಂದೆ, ನ್ಯಾಯನಿರ್ಣಯಾಧಿಕಾರಿಯ ನೆಲೆಯಲ್ಲಿ, ಐದು ಕೋಟಿ ರೂಪಾಯಿವರೆಗಿನ ಕ್ಲೇಮು ಹಾಕಬಹುದು. ಕರಾರು ಉಲ್ಲಂಘನೆಯ ದಾವೆಗೆ ಕಾಲಮಿತಿ ಮೂರು ವರ್ಷ; ಆದರೆ ವಿಷಯ ತಿಳಿದೂ ತಿಂಗಳುಗಟ್ಟಲೆ ಸುಮ್ಮನಿದ್ದವರ ತುರ್ತನ್ನು ನ್ಯಾಯಾಧೀಶರು ನಂಬುವುದು ಕಷ್ಟ. ಈ ನಡುವೆ ಗ್ರಾಹಕರಿಗೆಲ್ಲ ಆತ ಕಳ್ಳ ಎಂದು ಮೇಲ್ ಕಳುಹಿಸಿ ಮಾನನಷ್ಟದ ಪ್ರತಿದಾವೆಗೆ ದಾರಿ ಮಾಡಿಕೊಡಬೇಡಿ. ಅವರು ನಮ್ಮ ಸಂಸ್ಥೆಯಲ್ಲಿಲ್ಲ, ಇನ್ನು ಮುಂದೆ ಇಂಥವರನ್ನು ಸಂಪರ್ಕಿಸಿ ಎಂಬ ಎರಡು ಸಾಲು ಸಾಕು.