ಅಮೆರಿಕದ ಪತ್ತೇದಾರಿ ಟಿವಿ ಧಾರಾವಾಹಿ 'ಕೊಲಂಬೊ'ಗಾಗಿ ನಾನು ಬರೆದ ಕಂತಿನಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು?

ನಿಮ್ಮ ಚಿತ್ರಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಕಥೆಯ ಆಸೆಗೆ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಓದದವರಿಗಾಗಿ ಕಥೆ ಇಷ್ಟು: 1974ರ ಲಾಸ್ ಏಂಜಲೀಸ್. ಗುಡ್ಡದ ಮೇಲಿನ ವೀಕ್ಷಣಾಲಯದ ಹೆಸರಾಂತ ಖಗೋಳ ವಿಜ್ಞಾನಿ ತನ್ನ ಸಹಾಯಕನ ಸಂಶೋಧನೆಯನ್ನು ಕದ್ದಿದ್ದಾನೆ. ಅದು ಬಯಲಾಗುವ ಮುನ್ನ ಊರಿಗಿಳಿದು ಅವನನ್ನು ಕೊಂದು ಬರುತ್ತಾನೆ. ಆ ಮೂರು ಗಂಟೆ ದೂರದರ್ಶಕ ಬಿಟ್ಟು ಕದಲಿರಲಿಲ್ಲ ಎನ್ನುವುದಕ್ಕೆ ಅವನು ತೋರಿಸುವುದು ಮೂರು ಗಂಟೆ ಬೆಳಕಿಗೆ ಒಡ್ಡಿ ತೆಗೆದ, ನಕ್ಷತ್ರಗಳ ಚಿತ್ರವಿರುವ ಗಾಜಿನ ಫಲಕ. ತೆಗೆದದ್ದು ಹಿಂದಿನ ರಾತ್ರಿ. ಆದರೆ ಕೊಲೆಯ ರಾತ್ರಿ ನೆಲ ಸ್ವಲ್ಪ ನಡುಗಿತ್ತು, ಫಲಕದ ನಕ್ಷತ್ರಗಳು ಮಾತ್ರ ಅಲುಗಿಲ್ಲ.

ಈ ಸುಳಿವಿಗೆ ಶಹಬ್ಬಾಸ್. 1971ರ ಫೆಬ್ರವರಿಯಲ್ಲಿ ಸ್ಯಾನ್ ಫರ್ನಾಂಡೊ ಭೂಕಂಪಕ್ಕೆ ಅರವತ್ತಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಸೀಮೆ ಅದು. ಅಲ್ಲಿ ನೆಲ ನಡುಗುವುದು ಲೇಖಕನ ಅನುಕೂಲಕ್ಕೆ ಬಂದಂತೆ ಕಾಣುವುದಿಲ್ಲ. ಸುಳಿವನ್ನು ಅಡಗಿಸಿದ ರೀತಿ ಇನ್ನೂ ಚೆನ್ನ. 14ನೇ ಪುಟದಲ್ಲಿ ಪತ್ತೇದಾರ ಕೊಲಂಬೊ, 'ಮಂಗಳವಾರ ರಾತ್ರಿ ನನ್ನ ಹೆಂಡತಿಯ ತವರಿನ ಪಿಂಗಾಣಿ ಬಟ್ಟಲು ಕಪಾಟಿನಿಂದ ಬಿದ್ದು ಚೂರಾಯಿತು ಸಾರ್, ಆಗಿನಿಂದ ಮನೆಯಲ್ಲಿ ಮಾತುಕತೆ ಇಲ್ಲ' ಎಂದು ಗೋಳಾಡುತ್ತಾನೆ. ನಾನು ನಕ್ಕು ಪುಟ ತಿರುಗಿಸಿದೆ. ಮೋಸಹೋದೆ ಎಂದು ತಿಳಿದದ್ದು ಕೊನೆಗೆ. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಈ ಧಾರಾವಾಹಿಗೆ ಹಾಕಿಕೊಟ್ಟ ಚೌಕಟ್ಟಿನಲ್ಲಿ ಕೊಂದವರು ಯಾರೆಂಬುದು ಮೊದಲೇ ಗೊತ್ತಿರುತ್ತದೆ. ಈ ಬುದ್ಧಿವಂತ ಎಡವಿದ್ದೆಲ್ಲಿ ಎಂಬುದಷ್ಟೇ ಕುತೂಹಲ. ಹಾಗಾಗಿ ಸುಳಿವು ಕಣ್ಣೆದುರಿಗೇ ಇರಬೇಕು, ಕಣ್ಣಿಗೆ ಬೀಳಬಾರದು.

ಇನ್ನೊಂದು ಮೆಚ್ಚಿಕೆ ಭಾಷೆಯದು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ನೀವು ವಿಜ್ಞಾನಿಯ ಬಾಯಿಂದ ತಣ್ಣನೆಯ 'ನೀವು' ಆಡಿಸುತ್ತಾ ಬಂದು, 52ನೇ ಪುಟದಲ್ಲಿ 'ನನ್ನನ್ನು ಕೇಳಲು ನೀನು ಯಾರು?' ಎಂದು ಜಾರಿಸಿದ್ದೀರಿ. ಕೊಲಂಬೊ ಆಗಲೂ 'ಸಾರ್' ಬಿಡುವುದಿಲ್ಲ. ಯಾರ ಬುಡ ಅಲ್ಲಾಡುತ್ತಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಮೂಲ ಧಾರಾವಾಹಿಗೇ ಇಲ್ಲದ ಸೌಲಭ್ಯ ಇದು.

ಇನ್ನು ಜೊಳ್ಳು. ಇಷ್ಟು ಒಳ್ಳೆಯ ಗಂಟು ಹಾಕಿ, ಬಿಚ್ಚಲು ಪ್ರಯೋಗಾಲಯದ ತಜ್ಞನನ್ನು ಕರೆಸಿದ್ದೀರಿ. ಅವನು ಎರಡು ಪುಟ ಉಪನ್ಯಾಸ ಕೊಡುತ್ತಾನೆ, ಕೊಲೆಗಾರ ಬೇಡಿಗೆ ಕೈಯೊಡ್ಡುತ್ತಾನೆ. ನಾನಾಗಿದ್ದರೆ ಒಡ್ಡುತ್ತಿರಲಿಲ್ಲ. 'ನೆಲ ನಡುಗಿದಾಗ ದೂರದರ್ಶಕಕ್ಕೆ ಮುಚ್ಚಳ ಹಾಕಿದ್ದೆ' ಎಂದರೆ ಮುಗಿಯಿತಲ್ಲ? ನಡುಗಿದ ವಿಷಯ ಬೆಳಗಿನ ಪತ್ರಿಕೆಯಲ್ಲೇ ಅವನಿಗೆ ಸಿಗುತ್ತದೆ. ಪರಿಹಾರ ನಿಮ್ಮ ಕಥೆಯಲ್ಲೇ ಇದೆ, ನೀವು ಗಮನಿಸಿಲ್ಲ: 9ನೇ ಪುಟದಲ್ಲಿ ಸುಮ್ಮನೆ ಮೇಜಿನ ಮೇಲೆ ಬಿದ್ದಿರುವ ವೀಕ್ಷಣೆಯ ದಾಖಲೆ ಪುಸ್ತಕ. ಕೊಲೆ ಮಾಡಿ ಮರಳಿದವನು ಆ ರಾತ್ರಿಯೇ ಅದರಲ್ಲಿ ಸ್ವಂತ ಕೈಯಿಂದ 'ಮೂರು ಗಂಟೆ, ಅಡಚಣೆ ಇಲ್ಲ' ಎಂದು ಬರೆದು ಸಹಿ ಹಾಕಲಿ. ನಡುಗಿದ ಹೊತ್ತಿಗೆ ಅವನು ಕಾರು ಓಡಿಸುತ್ತಿದ್ದ. ಓಡುವ ಕಾರಿನೊಳಗೆ ಸಣ್ಣ ಕಂಪನ ತಿಳಿಯದಿರುವುದೇ ಹೆಚ್ಚು. ಆಮೇಲೆ ಕೊಲಂಬೊ ಮಾಡಬೇಕಾದದ್ದು ಇಷ್ಟೇ: ಮುಚ್ಚಳದ ಕಥೆ ಕಟ್ಟುವವರೆಗೆ ಕಾದು, ಆ ಪುಟ ತೆರೆದು, ಕನ್ನಡಕ ತಂದಿಲ್ಲ, ದಯವಿಟ್ಟು ಓದಿ ಹೇಳಿ ಸಾರ್ ಎನ್ನುವುದು. ಹಾಗೆಯೇ ಫಲಕದ ಚಿತ್ರದಲ್ಲಿ ಒಂದಾದರೂ ಪ್ರಖರ ನಕ್ಷತ್ರ ಇರಲಿ. ಕೆಲವೇ ಸೆಕೆಂಡುಗಳ ಅಲುಗಾಟ ಮಂಕು ನಕ್ಷತ್ರಗಳಲ್ಲಿ ಗುರುತು ಉಳಿಸುವುದಿಲ್ಲ.

ಎರಡನೆಯ ದೋಷ ಪ್ರೀತಿಯದು. ಕೊಲಂಬೊನ ಗುರುತುಗಳಾದ ಮಳೆಕೋಟು, ಸಿಗಾರ್, ಹಳೆಯ ಪೂಜೊ ಕಾರು, ನಾಯಿ, ಎಲ್ಲವೂ ಮೊದಲ ಐದೇ ಪುಟಗಳಲ್ಲಿ ಮೆರವಣಿಗೆ ಹೊರಟಿವೆ. 'ಇನ್ನೊಂದೇ ಒಂದು ವಿಷಯ' ಎಂಬ ಅವನ ಹೆಸರಾಂತ ಮಾತು ಏಳು ಸಲ ಬಂದಿದೆ, ನಾನು ಎಣಿಸಿದೆ. ಒಂದು ಸಲ ಸಾಕು, ಅದೂ ಕೊಲೆಗಾರ ನಿಟ್ಟುಸಿರು ಬಿಟ್ಟ ಮೇಲೆ. ಸತ್ತುಹೋದ ಮಗಳನ್ನು ನೆನೆದು ಕೊಲಂಬೊ ಅಳುವ ದೃಶ್ಯವನ್ನು ಪೂರ್ತಿ ತೆಗೆಯಿರಿ. ಹೆಂಡತಿ, ಸೋದರಳಿಯ ಎಂದು ಅವನು ಹೇಳುವುದರಲ್ಲಿ ನಿಜವೆಷ್ಟು, ಬಲೆಯೆಷ್ಟು ಎಂದು ತಿಳಿಯದಿರುವುದೇ ಅವನ ಬಂಡವಾಳ. ಪೀಟರ್ ಫಾಕ್ ಕೊಲಂಬೊ ಆಗಿ ಅಷ್ಟು ವರ್ಷ ನಟಿಸಿದರೂ ಆ ಹೆಂಡತಿಯ ಮುಖ ನಮಗೆ ಕಾಣಲಿಲ್ಲ. ನೀವು ಕೊನೆಯ ಪುಟದಲ್ಲಿ ಅವಳನ್ನು ಕರೆತಂದು ಕಾಫಿ ಕೊಡಿಸಿದ್ದೀರಿ.

ಪಿಸ್ತೂಲು ಹಿಡಿದು ಓಡುವ ದೃಶ್ಯವೂ ಬೇಡ. ಡಿಎನ್‌ಎ ಪರೀಕ್ಷೆಯ ಮಾತನ್ನೂ ಹೊಡೆದುಹಾಕಿ. ಆ ವಿಧಾನ ರೂಪುಗೊಂಡದ್ದೇ 1984ರಲ್ಲಿ, ಇಂಗ್ಲೆಂಡಿನಲ್ಲಿ.

ಮತ್ತೆ, 31ನೇ ಪುಟದಲ್ಲಿ ನಾಯಿಗೆ ಚೆಂದದ ಹೆಸರಿಟ್ಟಿದ್ದೀರಿ. ಕೊಲಂಬೊ ಅದನ್ನು 'ನಾಯಿ' ಎಂದೇ ಕರೆಯುತ್ತಾನೆ. ತಿದ್ದಿಬಿಡಿ.