ಪೌಡರ್ ಸ್ಕೀ ಕಲ್ಲಿಗೆ ತಡ್ಕೊಳ್ಳುತ್ತಾ?

ಪ್ರಶ್ನೆ: ಸರ್, ನಮ್ಮೂರು ಮಂಡ್ಯ, ಕೆಲಸ ಮೈಸೂರಲ್ಲಿ. ಡಿಸೆಂಬರ್‌ನಲ್ಲಿ ಗುಲ್ಮಾರ್ಗ್‌ಗೆ ಹೊರಟಿದೀನಿ, ಫ್ರೆಂಡ್ ಒಬ್ರು ಹಳೇ ಪೌಡರ್ ಸ್ಕೀ (ಮೆತ್ತನೆ ಹೊಸ ಹಿಮಕ್ಕೆ ಅಂತ ಮಾಡಿರೋ ಅಗಲದ ಸ್ಕೀ) ಕೊಡ್ತೀನಿ ಅಂತಿದಾರೆ, ನಡು ಅಗಲ 115 ಎಂಎಂ. ಅಲ್ಲಿ ಕಲ್ಲು ಜಾಸ್ತಿಯಂತೆ, ತಗೊಳ್ಲಾ?

ಉತ್ತರ: ಡಿಸೆಂಬರ್‌ಗೆ ಬೇಡ. ಅಗಲ ಇರೋದ್ರಿಂದ ಹಿಮದ ಮೇಲೆ ತೇಲುತ್ತೆ ನಿಜ, ಆದ್ರೆ ಸೀಸನ್ ಶುರುವಲ್ಲಿ ಹಿಮ ತೆಳ್ಳಗಿದ್ದಾಗ ಕಲ್ಲು ಮೇಲಿಂದ ಕಾಣಲ್ಲ, ನಿಮ್ಮ ಪೂರ್ತಿ ತೂಕ ಬೂಟಿನ ಕೆಳಗೇ ಇರೋದ್ರಿಂದ ಜೋರಾದ ಪೆಟ್ಟು ಬೀಳೋದೂ ಹೆಚ್ಚಾಗಿ ಅಲ್ಲೇ. ಪೌಡರ್ ಸ್ಕೀಗಳೆಲ್ಲಾ ಒಂದೇ ಥರ ಇರಲ್ಲ, ಬೆಟ್ಟ ಹತ್ತೋಕೆ ಅಂತ ಹಗುರ ಮಾಡಿರೋದ್ರಲ್ಲಿ ಅಂಚಿನ ಸ್ಟೀಲ್ ಪಟ್ಟಿ ಅಂದ್ರೆ ಎಡ್ಜೂ, ತಳದ ಪ್ಲಾಸ್ಟಿಕ್ ಪದರ ಅಂದ್ರೆ ಬೇಸೂ ತೆಳು, ಬೇಗ ಸೀಳುತ್ತೆ, ತೂಕದ ಮಾಡೆಲ್ ಇನ್ನೊಂದಿಷ್ಟು ತಡ್ಕೊಳ್ಳುತ್ತೆ.

ಗೀರು ಬಿದ್ರೆ ಚಿಂತೆ ಇಲ್ಲ, ಪಿ-ಟೆಕ್ಸ್ ಅನ್ನೋ ಪ್ಲಾಸ್ಟಿಕ್ ಕಡ್ಡೀನ ಕರಗಿಸಿ ತುಂಬಿದ್ರೆ ಸಾಕು. ಭಯ ಪಡ್ಬೇಕಾಗಿರೋದು ಬೇಸ್ ಹರಿದು ಒಳಗಿನ ಮರ ಕಾಣೋ ಗಾಯಕ್ಕೆ, ಅದೂ ಎಡ್ಜ್ ಪಕ್ಕದಲ್ಲಿದ್ರೆ ಕಡ್ಡಿ ಸರಿಯಾಗಿ ಅಂಟಲ್ಲ, ನೀರಿಳಿದು ಮರ ಊದ್ಕೊಳ್ಳುತ್ತೆ, ಎಡ್ಜ್ ಮೇಲೇಳುತ್ತೆ. ಅಂಥ ಪೆಟ್ಟು ಬಿದ್ದ ದಿನ ಸ್ಕೀನ ಮತ್ತೆ ಹಿಮಕ್ಕಿಳಿಸ್ಬೇಡಿ, ರೂಮಲ್ಲಿ ಒಣಗಿಸಿ ರಿಪೇರಿಗೆ ಕೊಡಿ.

ಫ್ರೆಂಡ್ ಮನೇಲಿ ಸ್ಕೀ ತಿರುಗಿಸಿ ಎಡ್ಜ್ ಉದ್ದಕ್ಕೂ ನಿಧಾನವಾಗಿ ಉಗುರು ಎಳೀರಿ, ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಬೆಳಕಲ್ಲಿ ನೋಡಿ, ಬಿರುಕಿರ್ಬಹುದು, ಬೇಸ್ ಉಬ್ಬಿದ್ರಂತೂ ವಾಪಸ್ ಕೊಟ್ಬಿಡಿ. ಚೆನ್ನಾಗಿದ್ರೆ ಇಟ್ಕೊಳ್ಳಿ, ಜನವರಿ ಕೊನೆ ಫೆಬ್ರವರಿ ಹೊತ್ತಿಗೆ ಗುಲ್ಮಾರ್ಗ್‌ನ ಅಫರ್ವಟ್ ಬೆಟ್ಟದ ಮೇಲೆ ಹಿಮ ದಪ್ಪ ಆದಾಗ ಅದರ ಮಜಾನೇ ಬೇರೆ. ಈ ಸಲ ಅಲ್ಲೇ ಬಾಡಿಗೆ ಸ್ಕೀ ತಗೊಳ್ಳಿ, ಗೈಡ್ ಹೋದ ಜಾಡಲ್ಲೇ ಹೋಗಿ.